ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ

ಕನ್ನಡದಲ್ಲಿ ದಿನವೂ ಅಚ್ಚಾಗುವ, ಆದರೆ ಯಾರೂ ಗದ್ಯವೆಂದು ಲೆಕ್ಕಕ್ಕೆ ಹಿಡಿಯದ ಬರವಣಿಗೆಗಳಲ್ಲಿ ಹರಾಜು ಪ್ರಕಟಣೆಯೂ ಒಂದು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಪೊಲೀಸ್ ಠಾಣೆಯ ಗೋಡೆಯ ಮೇಲೆ, ತಾಲ್ಲೂಕು ಕಚೇರಿಯ ಸೂಚನಾ ಫಲಕದಲ್ಲಿ ಅದು ಇರುತ್ತದೆ. ವಾರಸುದಾರರಿಲ್ಲದ ಇಂತಿಷ್ಟು ದ್ವಿಚಕ್ರ ವಾಹನಗಳನ್ನು ಇಂಥ ದಿನ, ಇಂಥ ಹೊತ್ತಿಗೆ ಬಹಿರಂಗ ಹರಾಜಿನ ಮೂಲಕ ವಿಲೇವಾರಿ ಮಾಡಲಾಗುವುದು; ಭಾಗವಹಿಸುವವರು ಮುಂಗಡ ಠೇವಣಿ ಕಟ್ಟತಕ್ಕದ್ದು; ವಾಹನಗಳನ್ನು ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ ಮಾರಲಾಗುವುದು; ಕಾರಣ ತಿಳಿಸದೆ ಹರಾಜನ್ನು ಮುಂದೂಡುವ ಇಲ್ಲವೇ ರದ್ದುಪಡಿಸುವ ಅಧಿಕಾರವನ್ನು ಕಾಯ್ದಿರಿಸಿಕೊಳ್ಳಲಾಗಿದೆ. ಕೆಳಗೊಂದು ಪಟ್ಟಿ: ಕ್ರಮಸಂಖ್ಯೆ, ವಾಹನದ ಹೆಸರು, ನೋಂದಣಿ ಸಂಖ್ಯೆ, ಎಂಜಿನ್ ನಂಬರ್, ಚಾಸಿ ನಂಬರ್. ಕೆಲವು ಕಾಲಂಗಳಲ್ಲಿ ಬರೀ ಒಂದು ಗೆರೆ.

ಆ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ, ಹತ್ತಾರು ಮೊಪೆಡ್ಡು ಸ್ಕೂಟರುಗಳ ನಡುವೆ, ಒಂದು ಜಾವಾ ಅಥವಾ ಯೆಜ್ಡಿ ಸಿಕ್ಕೀತು ಎಂದು ಆಸೆಯಿಂದ ಓದುವವರ ಒಂದು ಪಂಗಡ ನಮ್ಮಲ್ಲಿದೆ. ಅವರ ಆಸೆಯನ್ನು ಹಗುರವಾಗಿ ನೋಡುವ ಉದ್ದೇಶ ನನಗಿಲ್ಲ. ಆದರೆ ಅವರು ಮಾಡುತ್ತಿರುವುದು ಮೂಲತಃ ಓದುವ ಕೆಲಸ ಎಂಬುದನ್ನು ಗಮನಿಸಬೇಕು. ಅಂಗಡಿಯಲ್ಲಿ ಬೈಕು ಕೊಳ್ಳುವವರು ಓಡಿಸಿ ನೋಡುತ್ತಾರೆ. ಪರಿಚಯದವರಿಂದ ಕೊಳ್ಳುವವರು ಕಿಕ್ ಹೊಡೆದು, ಹೊಗೆ ನೋಡಿ, ಎಂಜಿನ್ನಿನ ಸದ್ದು ಕೇಳಿ ಕೊಳ್ಳುತ್ತಾರೆ. ಹರಾಜಿನಲ್ಲಿ ಸಾಮಾನ್ಯವಾಗಿ ಅದ್ಯಾವುದಕ್ಕೂ ಎಡೆಯಿಲ್ಲ. ದೂರದಿಂದ ನೋಡಬಹುದು, ನಂಬರು ಬರೆದುಕೊಳ್ಳಬಹುದು, ಕಾಗದ ಓದಬಹುದು. ಹಾಗಾಗಿ ಹರಾಜಿನಲ್ಲಿ ಹಳೆಯ ಬೈಕು ಕೊಳ್ಳುವವರು ಮೊದಲು ಕೊಳ್ಳುವುದು ಒಂದು ಪಠ್ಯವನ್ನು. ಬೈಕು ಆಮೇಲೆ ಮನೆಗೆ ಬರುತ್ತದೆ. ಈ ಮಾತು ಸರಿಯಾದರೆ, ಆ ಪಠ್ಯಗಳನ್ನು ಪರೀಕ್ಷಿಸುವುದು ಸಾಹಿತ್ಯದ ವಿದ್ಯಾರ್ಥಿಗಳ ಪಾಲಿಗೂ ಬರುವ ಕೆಲಸ.

ಹಳೆಯ ಬೈಕಿನ ಸುತ್ತ ಇವತ್ತು ಮೂರು ಬಗೆಯ ಬರವಣಿಗೆ ಇದೆ. ಒಂದು, ಮೇಲೆ ಹೇಳಿದ ಪ್ರಕಟಣೆ. ಎರಡು, ದೊಡ್ಡ ಹರಾಜು ಸಂಸ್ಥೆಗಳ ಕ್ಯಾಟಲಾಗು. ಮೂರು, ‘ಅಪ್ಪನ ಜಾವಾ’ ಎಂಬ ಹೆಸರಿನಲ್ಲಿ ಒಟ್ಟುಗೂಡಿಸಬಹುದಾದ ನೆನಪಿನ ಪ್ರಬಂಧ. ಮೊದಲನೆಯದು ಏನನ್ನೂ ಹೇಳುವುದಿಲ್ಲ, ಎರಡನೆಯದು ಬೇಕಾದ್ದಕ್ಕಿಂತ ಹೆಚ್ಚು ಹೇಳುತ್ತದೆ, ಮೂರನೆಯದು ತನ್ನ ಬಗ್ಗೆ ಮಾತ್ರ ಹೇಳುತ್ತದೆ. ಮೂರೂ ಒಂದೇ ಕಡೆ ಮೌನವಾಗುತ್ತವೆ. ಆ ಬೈಕನ್ನು ಮಾಡಿದ ಕೈ, ಮತ್ತು ಅದಕ್ಕಿಂತ ಮುಖ್ಯವಾಗಿ ಅದನ್ನು ಇಷ್ಟು ವರ್ಷ ಉಳಿಸಿದ ಕೈ, ಮೂರರಲ್ಲೂ ಕಾಣುವುದಿಲ್ಲ.

*

ಪ್ರಕಟಣೆಯ ಬಡತನಕ್ಕೆ ಅದರದೇ ಕಾರಣಗಳಿವೆ. ಬರೆಯುವವರಿಗೆ ವಾಹನವೆಂದರೆ ಜಾಗ ಹಿಡಿದಿರುವ ಒಂದು ಹೊರೆ. ಅಪಘಾತದಲ್ಲಿ ಸಿಕ್ಕಿದ್ದು, ಕಳವಾಗಿ ಪತ್ತೆಯಾದದ್ದು, ಬಿಟ್ಟುಹೋದದ್ದು, ಎಲ್ಲವೂ ಠಾಣೆಯ ಆವರಣದಲ್ಲಿ ಮಳೆ ಬಿಸಿಲಿಗೆ ನಿಂತು ಗುಜರಿಯಾಗುತ್ತವೆ. ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು, ವಶಪಡಿಸಿಕೊಂಡ ವಾಹನಗಳನ್ನು ಠಾಣೆಗಳಲ್ಲಿ ಕೊಳೆಯಲು ಬಿಡುವುದರಿಂದ ಯಾರಿಗೂ ಉಪಯೋಗವಿಲ್ಲ ಎಂದು ಹೇಳಿತ್ತು. ಆದರೂ ಯಾವ ಠಾಣೆಯ ಹಿಂದೆ ಹೋದರೂ ಬಳ್ಳಿ ಹಬ್ಬಿದ ಬೈಕುಗಳು ಕಾಣುತ್ತವೆ. ಅಂಥ ಕಡೆ ಹುಟ್ಟುವ ಗದ್ಯದಲ್ಲಿ ವಿವರಣೆಯನ್ನು ನಿರೀಕ್ಷಿಸಬಾರದು.

ಆದರೂ ಈ ಗದ್ಯದಲ್ಲಿ ಒಂದು ಪ್ರಾಮಾಣಿಕತೆ ಇದೆ. ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಮಾತು ಕೊಳ್ಳುವವರಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಚ್ಚರಿಕೆಯನ್ನು ಮಾತ್ರ ಕೊಡುತ್ತದೆ. ಎಂಜಿನ್ನು ಒಳಗೆ ಇದೆಯೋ ಇಲ್ಲವೋ, ಇದ್ದರೆ ತಿರುಗುತ್ತದೋ ಇಲ್ಲವೋ, ನೋಂದಣಿ ಪುಸ್ತಕ ಸಿಗುತ್ತದೋ ಇಲ್ಲವೋ, ಎಲ್ಲವೂ ನಿಮ್ಮ ತಲೆಯ ಮೇಲೆ. ದಾಖಲೆ ಇಲ್ಲದ ಬೈಕನ್ನು ನೀವು ರಸ್ತೆಗೆ ಇಳಿಸುವಂತಿಲ್ಲ. ಅದು ಬಿಡಿಭಾಗಗಳ ಮೂಟೆ ಅಷ್ಟೆ. ಹದಿನೈದು ವರ್ಷ ದಾಟಿದ ವಾಹನಕ್ಕೆ ನೋಂದಣಿ ನವೀಕರಣದ ಬೇರೆ ದಾರಿಯೇ ಇದೆ. ಇದನ್ನೆಲ್ಲ ತಿಳಿದವರು ಪ್ರಕಟಣೆಯಲ್ಲಿ ಓದುವುದು ಒಂದೇ ಕಾಲಮ್ಮನ್ನು: ಚಾಸಿ ನಂಬರ್. ಆ ಅಂಕಿಗಳಲ್ಲಿ ಬೈಕಿನ ಜಾತಕ ಇದೆ ಎಂದು ಅವರು ನಂಬುತ್ತಾರೆ. ನಂಬಿಕೆ ತಪ್ಪಲ್ಲ. ಆದರೆ ಆ ನಂಬಿಕೆಯನ್ನು ಹಿಡಿದು ಎಷ್ಟು ದೂರ ಹೋಗಬಹುದು ಎಂಬುದನ್ನು ಕ್ಯಾಟಲಾಗುಗಳು ತೋರಿಸುತ್ತವೆ.

*

2018ರ ಜನವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ಬಾನ್ಹಮ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ 1951ರ ಒಂದು ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್ 9,29,000 ಡಾಲರಿಗೆ ಹೋಯಿತು. ಅದು ಆಸ್ಟ್ರೇಲಿಯಾದ ರೇಸುಗಾರ ಜ್ಯಾಕ್ ಎರೆಟ್ ಓಡಿಸಿದ ಬೈಕು. ಇಂಥ ಹರಾಜಿನಲ್ಲಿ ಬೆಲೆ ಏರಿಸುವುದು ಬರೀ ಉಕ್ಕು ಅಲ್ಲ. ಯಾರು ಓಡಿಸಿದರು, ಯಾವ ಊರಿನಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು, ಯಾವ ಭಾಗ ಮೂಲದ್ದು ಎಂಬ ಸರಪಳಿ ಬೆಲೆಯನ್ನು ಏರಿಸುತ್ತದೆ. ಕ್ಯಾಟಲಾಗಿನ ಬರಹಗಾರರು ಆ ಸರಪಳಿಯ ಕೊಂಡಿಗಳನ್ನು ಜೋಡಿಸುವವರು.

ಸರಪಳಿ ತುಂಡಾದರೆ ಏನಾಗುತ್ತದೆ ಎಂಬುದಕ್ಕೆ ‘ಈಸಿ ರೈಡರ್’ ಬೈಕಿನ ಕತೆ ಇದೆ. 1969ರ ಆ ಸಿನಿಮಾದಲ್ಲಿ ಅಮೆರಿಕದ ಬಾವುಟದ ಬಣ್ಣ ಬಳಿದುಕೊಂಡು ಬರುವ ಹಾರ್ಲೆಯದು ಎನ್ನಲಾದ ಒಂದು ಬೈಕು 2014ರಲ್ಲಿ ಹರಾಜಿಗೆ ಬಂತು. ಕೂಗು 13.5 ಲಕ್ಷ ಡಾಲರಿಗೆ ನಿಂತಿತು. ಅಷ್ಟರಲ್ಲಿ ಇನ್ನೊಬ್ಬ ಸಂಗ್ರಾಹಕರ ಬಳಿಯೂ ‘ಅದೇ’ ಬೈಕು ಇದೆ ಎಂಬ ಸುದ್ದಿ ಹೊರಬಿತ್ತು. ಎರಡಕ್ಕೂ ಅಸಲಿ ಎಂಬ ಪ್ರಮಾಣಪತ್ರವಿತ್ತು. ಎರಡಕ್ಕೂ ಸಹಿ ಹಾಕಿದ್ದವರು ಒಬ್ಬರೇ ನಟ! ವಸ್ತು ಎರಡು, ಕತೆ ಒಂದು. ಬೆಲೆ ಅಂಟಿಕೊಂಡಿದ್ದು ಕತೆಗೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮಲ್ಲಿನ ಉದಾಹರಣೆ ಇನ್ನೂ ವಿಚಿತ್ರವಾದುದು. 2018ರ ಕೊನೆಯಲ್ಲಿ ಜಾವಾ ಹೆಸರು ಭಾರತದ ಮಾರುಕಟ್ಟೆಗೆ ಮತ್ತೆ ಬಂದಾಗ, ಹೊಸ ಬೈಕುಗಳಲ್ಲಿ 13ನ್ನು ಹರಾಜಿಗಿಟ್ಟರು. ಬಂದ ಹಣ ಹುತಾತ್ಮ ಯೋಧರ ಮಕ್ಕಳ ವಿದ್ಯಾಭ್ಯಾಸಕ್ಕೆ. ಒಟ್ಟು ₹1.43 ಕೋಟಿ ಕೂಡಿತು. ಚಾಸಿ ಸಂಖ್ಯೆ 001 ಇದ್ದ ಬೈಕಿಗೆ ಸಿಕ್ಕಿದ್ದು ₹45 ಲಕ್ಷ. ಅದೇ ಬೈಕಿನ ಷೋರೂಂ ಬೆಲೆ ಆಗ ಎರಡು ಲಕ್ಷದ ಒಳಗಿತ್ತು. ಉದ್ದೇಶ ಒಳ್ಳೆಯದು, ಕೊಟ್ಟವರು ದಾನವೆಂದೇ ಕೊಟ್ಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೂ ಒಂದು ಕಿಲೋಮೀಟರೂ ಓಡದ, ಯಾರ ನೆನಪೂ ಅಂಟದ ಬೈಕು ಮೂರು ಅಂಕಿಗಳ ಬಲದಿಂದಲೇ ‘ಚಾರಿತ್ರಿಕ’ ವಸ್ತುವಾಯಿತು. ಇತಿಹಾಸ ನಡೆಯುವ ಮೊದಲೇ ಅದನ್ನು ಮಾರಿದ ಹಾಗಾಯಿತು.

ಇದನ್ನು ಪೇಟೆಯವರ ಹುಚ್ಚು ಎಂದು ತಳ್ಳಿಹಾಕುವ ಹಾಗಿಲ್ಲ. ನಮ್ಮ ಮಧ್ಯ ಕರ್ನಾಟಕದ ಜಾತ್ರೆಗಳಲ್ಲೂ ಇದೇ ನಡೆಯುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲಿ ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ. ಒಂದು ಬಟ್ಟೆಗೆ ಲಕ್ಷಾಂತರ ರೂಪಾಯಿ ಸವಾಲು ಬೀಳುತ್ತದೆ. ಬಟ್ಟೆಯ ಬೆಲೆ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಬಾವುಟ ಯಾಕೆ ಬೆಲೆಯುಳ್ಳದ್ದು ಎಂಬುದು ಅಲ್ಲಿ ನೆರೆದ ಎಲ್ಲರಿಗೂ ಗೊತ್ತು. ಅವರೆಲ್ಲ ತೇರಿನ ಜೊತೆ ಇದ್ದವರು. ಬೈಕಿನ ಕ್ಯಾಟಲಾಗಿನಲ್ಲಿ ಮಾತ್ರ, ಬೆಲೆಗೆ ಕಾರಣವನ್ನು ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ನಂಬುತ್ತಾರೆ.

*

ಕ್ಯಾಟಲಾಗು ಬರೆಯುವವರ ಮುಖ್ಯ ಪದ ‘ಮೂಲ’. ಮೂಲ ಬಣ್ಣ, ಮೂಲ ಟ್ಯಾಂಕು, ಮೂಲ ಎಂಜಿನ್ನು, ಒಂದಕ್ಕೊಂದು ಹೊಂದುವ ನಂಬರುಗಳು. ಕನ್ನಡ ಎಂ.ಎ. ಮಾಡಿದವರಿಗೆ ಈ ಭಾಷೆ ಪರಿಚಿತ. ಡಿ.ಎಲ್. ನರಸಿಂಹಾಚಾರ್ಯರ, ಎಂ.ಎಂ. ಕಲಬುರ್ಗಿಯವರ ಗ್ರಂಥಸಂಪಾದನೆಯ ಪುಸ್ತಕಗಳನ್ನು ಪರೀಕ್ಷೆಗೆ ಓದಿದವರೆಲ್ಲ ಮೂಲಪಾಠ, ಪಾಠಾಂತರ, ಪ್ರಕ್ಷೇಪ ಎಂಬ ಪದಗಳನ್ನು ಬಲ್ಲರು. ಹಳೆಯ ಬೈಕಿನ ಲೋಕವೂ ಇದೇ ಪದಗಳ ಮೇಲೆ ನಿಂತಿದೆ. ಚಾಸಿ ನಂಬರು ಓಲೆಗರಿಯ ಕೊನೆಯ ಲಿಪಿಕಾರನ ಮಾತಿನಂತೆ. ಬೇರೆ ಬೈಕಿನ ಟ್ಯಾಂಕು ತಂದು ಕೂರಿಸಿದರೆ ಅದು ಪ್ರಕ್ಷೇಪ. ಮುಂದೆ ಜಾವಾ, ಹಿಂದೆ ಯೆಜ್ಡಿ ಸೇರಿಸಿ ಬೆಸುಗೆ ಹಾಕಿದರೆ ಅದು ನಮ್ಮ ಹರಿಹರೇಶ್ವರನಂತೆ ಅರ್ಧ ಅವನು, ಅರ್ಧ ಇವನು. ಅದಕ್ಕೆ ಕೈ ಮುಗಿಯಬಹುದೇ ಹೊರತು ‘ಮೂಲ’ ಎಂದು ಮಾರುವಂತಿಲ್ಲ.

ಮೂಲದ ಹುಡುಕಾಟ ಹೀಗಳೆಯುವ ವಿಷಯವಲ್ಲ. ಮೋಸ ನಿಜವಾಗಿಯೂ ಇದೆ. ಚಾಸಿ ನಂಬರನ್ನು ಉಜ್ಜಿ ಹೊಸ ಅಂಕಿ ಕೊರೆಯುವುದು ಬೇರೊಬ್ಬರ ಅಂಕಿತದಲ್ಲಿ ವಚನ ಬರೆದ ಹಾಗೆ. ಅಂಕಿತ ನಮ್ಮಲ್ಲಿ ಎಷ್ಟು ಗಂಭೀರ ವಿಷಯ ಎಂಬುದನ್ನು ನೆನಪಿಸಿಕೊಳ್ಳಿ. ಬಸವಣ್ಣನ ವಚನಗಳಲ್ಲಿ ‘ಕೂಡಲಸಂಗಮದೇವ’ದ ಜಾಗದಲ್ಲಿ ‘ಲಿಂಗದೇವ’ ಎಂದು ಅಚ್ಚು ಹಾಕಿದ ‘ವಚನ ದೀಪ್ತಿ’ಯನ್ನು 1998ರಲ್ಲಿ ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿಯಿತು. ಆ ಕ್ರಮ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಹೆಸರೊಂದರ ಬದಲಾವಣೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ನಾಡಿನಲ್ಲಿ ನಂಬರು ಹೊಂದಬೇಕು ಎಂದು ಹಟ ಹಿಡಿಯುವ ಸಂಗ್ರಾಹಕರನ್ನು ನೋಡಿ ನಗುವುದು ಕಷ್ಟ.

ಕಾನೂನೂ ಅದೇ ಭಾಷೆ ಮಾತಾಡುತ್ತದೆ. 2021ರ ಕೇಂದ್ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ ವಾಹನ ‘ವಿಂಟೇಜ್’ ಎನಿಸಿಕೊಂಡು ಪ್ರತ್ಯೇಕ ನೋಂದಣಿ ಸಂಖ್ಯೆ ಪಡೆಯಬಹುದು. ಆದರೆ ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತೆಯೂ ಇಲ್ಲ. ಅಂದರೆ ಮೂಲವಾಗಿ ಉಳಿದದ್ದಕ್ಕೆ ಗೌರವ, ಗೌರವ ಸಿಕ್ಕ ಮೇಲೆ ಕೆಲಸದಿಂದ ನಿವೃತ್ತಿ. ಓದಲು ಕೊಡದೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಸ್ತಪ್ರತಿಯ ಹಾಗೆ.

ಇಲ್ಲಿ ನನ್ನ ತಕರಾರು ಶುರುವಾಗುತ್ತದೆ. ಗ್ರಂಥಸಂಪಾದನೆ ಕಲಿಸುವ ಮುಖ್ಯ ಪಾಠ ‘ಮೂಲವೇ ಶ್ರೇಷ್ಠ’ ಎಂಬುದಲ್ಲ. ಒಳ್ಳೆಯ ಸಂಪಾದಕರು ಒಂದು ಪಾಠವನ್ನು ಮೇಲಿಟ್ಟು ಉಳಿದದ್ದನ್ನು ಸುಡುವುದಿಲ್ಲ. ಪಾಠಾಂತರಗಳನ್ನು ಪುಟದ ಕೆಳಗೆ ಸಾಲಾಗಿ ಕೊಡುತ್ತಾರೆ. ಯಾವ ಪ್ರತಿ ಯಾವ ಊರಿನದು, ಯಾರು ನಕಲು ಮಾಡಿದ್ದು ಎಂದು ಹೇಳುತ್ತಾರೆ. ನಕಲು ಮಾಡಿದವರು ತಪ್ಪಿದ್ದೂ ಉಂಟು, ಆದರೆ ಅವರು ನಕಲು ಮಾಡದೆ ಹೋಗಿದ್ದರೆ ನಮಗೆ ಪಂಪನೂ ಸಿಗುತ್ತಿರಲಿಲ್ಲ, ರನ್ನನೂ ಸಿಗುತ್ತಿರಲಿಲ್ಲ. ಹರಾಜಿನ ಮಾರುಕಟ್ಟೆ ಈ ಕೃತಜ್ಞತೆಯನ್ನು ಕೈಬಿಟ್ಟಿದೆ. ಅಲ್ಲಿ ಬದಲಾದ ಪ್ರತಿಯೊಂದು ಭಾಗವೂ ಬೆಲೆಯಲ್ಲಿ ಕಡಿತ. ಮೋಸಕ್ಕೆ ಮಾಡಿದ ಬದಲಾವಣೆಗೂ ಬದುಕಿಸಲು ಮಾಡಿದ ಬದಲಾವಣೆಗೂ ಅಲ್ಲಿ ಸಾಕಷ್ಟು ವ್ಯತ್ಯಾಸವಿಲ್ಲ.

*

ಯೆಜ್ಡಿಯ ಮಟ್ಟಿಗೆ ಈ ವ್ಯತ್ಯಾಸವೇ ಎಲ್ಲವೂ. ಅದಕ್ಕೆ ಅದರ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಜೆಕ್ ದೇಶದ ಜಾವಾ ಕಂಪನಿಯ ಪರವಾನಗಿಯಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1960ರ ದಶಕದ ಆರಂಭದಲ್ಲಿ. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ, ಆದರೆ ಎರಡು ಸೈಲೆನ್ಸರಿನ 250 ಸಿಸಿ ಬೈಕು. ಕಿಕ್ ಮಾಡುವ ಲಿವರೇ ಗೇರಿನ ಲಿವರು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಆ ಹೆಸರಿಗೆ ಎರಡು ನಿರುಕ್ತಿಗಳು ಚಲಾವಣೆಯಲ್ಲಿವೆ: ಜೆಕ್ ಭಾಷೆಯಲ್ಲಿ ಸವಾರಿ ಮಾಡುವುದಕ್ಕೆ ಸಂಬಂಧಿಸಿದ ಪದ ಒಂದು, ಇರಾನಿನ ಯಜ್ದ್ ಊರು ಇನ್ನೊಂದು. 1978ರಲ್ಲಿ ರೋಡ್‌ಕಿಂಗ್ ಬಂತು. ಆಮೇಲೆ ಜಪಾನಿನ ಕೂಡುಪಾಲಿನ, ಕಡಿಮೆ ಪೆಟ್ರೋಲು ಕುಡಿಯುವ 100 ಸಿಸಿ ಬೈಕುಗಳು ಬಂದವು, ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆ ನಿಂತಿತು.

ಬಾಗಿಲು ಮುಚ್ಚಿದ ಕಂಪನಿ ಹೈಕೋರ್ಟಿನ ಅಧಿಕೃತ ಲಿಕ್ವಿಡೇಟರ ಕೈಗೆ ಹೋಯಿತು. ಲಿಕ್ವಿಡೇಶನ್ ಎಂದರೆ ಕಾರ್ಖಾನೆಯ ಹರಾಜು. ಯಂತ್ರ, ಕಟ್ಟಡ, ನೆಲ, ಕೊನೆಗೆ ಹೆಸರು ಕೂಡ ಆಸ್ತಿಯ ಪಟ್ಟಿಯಲ್ಲಿ ಒಂದೊಂದು ಸಾಲು. ‘ಯೆಜ್ಡಿ’ ಎಂಬ ಹೆಸರು ಯಾರದು ಎಂಬ ವ್ಯಾಜ್ಯದಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಡಿಸೆಂಬರಿನಲ್ಲಿ, ಅದು ಲಿಕ್ವಿಡೇಶನ್ನಿನಲ್ಲಿರುವ ಕಂಪನಿಗೆ ಸೇರಿದ್ದು ಎಂದು ಹೇಳಿತು. ವಿಷಯ ಮೇಲ್ಮನವಿಗೆ ಹೋಯಿತು. ಆ ಕಟ್ಲೆಯ ನ್ಯಾಯ ಅನ್ಯಾಯ ನನ್ನ ವಿಷಯವಲ್ಲ. ಗಮನಿಸಬೇಕಾದದ್ದು ಇಷ್ಟು: ಒಂದು ಹಳೆಯ ರೋಡ್‌ಕಿಂಗನ್ನು ಹರಾಜಿನಲ್ಲಿ ಹಿಡಿಯಲು ಹೋಗುವವರಿಗೆ, ಆ ಬೈಕಿನ ಟ್ಯಾಂಕಿನ ಮೇಲಿನ ಹೆಸರೂ, ಅದು ಹುಟ್ಟಿದ ನೆಲವೂ ಒಂದು ಕಾಲಕ್ಕೆ ಮಾರಾಟಕ್ಕಿರುವ ಆಸ್ತಿಯ ಪಟ್ಟಿಗೆ ಸೇರಿದ್ದವು ಎಂಬುದು ಗೊತ್ತಿರಬೇಕು. ಲಿಕ್ವಿಡೇಶನ್ನಿನ ಕಾನೂನಿನಲ್ಲಿ ಕಾರ್ಮಿಕರ ಬಾಕಿಯನ್ನು ಅಡಮಾನದ ಸಾಲಗಾರರ ಸಾಲಿನಲ್ಲೇ ಇಟ್ಟು ನೋಡಬೇಕೆಂದು 1985ರ ತಿದ್ದುಪಡಿ ಹೇಳಿತು. ಅಂದರೆ ಕಾನೂನಿಗೆ ಕಾರ್ಮಿಕರು ನೆನಪಿದ್ದರು. ಕ್ಯಾಟಲಾಗಿಗೆ ನೆನಪಿಲ್ಲ.

ನೆನಪಿನ ಪ್ರಬಂಧಕ್ಕೂ ನೆನಪಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ ದಿನ ಆಚರಿಸುತ್ತಾರೆ. ಆ ಹೊತ್ತಿಗೆ ಕನ್ನಡದಲ್ಲಿ ನಾಲ್ಕಾರು ಬರಹಗಳು ಬರುತ್ತವೆ. ಅವುಗಳ ಜಾಡು ಗೊತ್ತಿರುವುದೇ: ಅಪ್ಪ ಬೈಕು ತಂದ ದಿನ, ಟ್ಯಾಂಕಿನ ಮೇಲೆ ಕೂತ ಮಗ, ಓಣಿಯ ಕೊನೆಯಿಂದಲೇ ಕೇಳುವ ಸದ್ದು, ಅದನ್ನು ಮಾರಿದ ದಿನದ ದುಃಖ, ಈಗ ಅಂಥದೊಂದು ಎಲ್ಲಾದರೂ ಸಿಕ್ಕೀತೇ ಎಂಬ ಹಂಬಲ. ಇವುಗಳಲ್ಲಿ ಒಳ್ಳೆಯ ಬರಹಗಳೂ ಇವೆ. ಆದರೆ ಒಂದು ವಾಹನವನ್ನು ಗದ್ಯ ಹೇಗೆ ನೋಡಬಹುದು ಎಂಬುದಕ್ಕೆ ನಮ್ಮಲ್ಲಿ ಬಹಳ ಹಿಂದೆಯೇ ಒಂದು ದೊಡ್ಡ ಮಾದರಿ ಇದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮಲೆನಾಡಿಗೆ ಬೈಸಿಕಲ್ಲು ಬರುವಾಗ ಅದು ಒಬ್ಬರ ನೆನಪಾಗಿ ಬರುವುದಿಲ್ಲ. ಅದರ ಜೊತೆ ಪಾದ್ರಿ ಬರುತ್ತಾನೆ, ಮತಾಂತರದ ಭಯ ಬರುತ್ತದೆ, ಹೊಸದರ ಮೋಹ ಬರುತ್ತದೆ, ಹೆಸರನ್ನು ‘ಬೀಸೆಕಲ್ಲು’ ಎಂದು ತಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುವ ಜನ ಬರುತ್ತಾರೆ. ಒಂದು ಸೈಕಲ್ಲಿನ ಹಿಂದೆ ಇಡೀ ಸಮಾಜ ಓಡಿಬರುತ್ತದೆ. ನಮ್ಮ ಜಾವಾ ಪ್ರಬಂಧಗಳಲ್ಲಿ ಬೈಕಿನ ಹಿಂದೆ ಕೂರಲು ಜಾಗವಿರುವುದು ಅಮ್ಮನಿಗೆ ಮಾತ್ರ. ಆ ಕಾಲಕ್ಕೆ ಊರಿನಲ್ಲಿ ಯಾರ ಮನೆಗೆ ಬೈಕು ಬರುತ್ತಿತ್ತು, ಯಾರ ಮನೆಗೆ ಬರುತ್ತಿರಲಿಲ್ಲ ಎಂಬ ಪ್ರಶ್ನೆ ಬರುವುದಿಲ್ಲ. ಕಾರ್ಖಾನೆ ಬರುವುದಿಲ್ಲ. ಮೆಕ್ಯಾನಿಕ್ ಬಂದರೂ ಎಣ್ಣೆ ಮೆತ್ತಿದ ತಮಾಷೆಯ ಪಾತ್ರವಾಗಿ ಬಂದು ಹೋಗುತ್ತಾನೆ.

*

ನಮ್ಮ ಕೊಂಡಜ್ಜಿ ಸೀಮೆಯಲ್ಲಿ ನಿಂತು ನೋಡಿದರೆ ಈ ಮೌನ ಇನ್ನೂ ದಪ್ಪಗೆ ಕಾಣುತ್ತದೆ. ಗುಡ್ಡ, ಕೆರೆ, ಸ್ಕೌಟ್ಸ್ ಶಿಬಿರಕ್ಕೆ ಹೆಸರಾದ ಊರು ಇದು. ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಹರಿಹರ. ಒಂದು ಊರಿನಲ್ಲಿ ಬಟ್ಟೆಯ ಗಿರಣಿಗಳಿದ್ದವು. ಇನ್ನೊಂದರಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇತ್ತು. ಹರಿಹರದ ಆ ಕಾರ್ಖಾನೆ ತಯಾರಿಸುತ್ತಿದ್ದದ್ದು ಲೇತ್ ಯಂತ್ರಗಳನ್ನು, ಅಂದರೆ ಯಂತ್ರಗಳ ಭಾಗಗಳನ್ನು ಕಡೆಯುವ ಯಂತ್ರಗಳನ್ನು. ದೇಶದ ಎಷ್ಟೋ ಸಣ್ಣ ವರ್ಕ್‌ಷಾಪುಗಳಲ್ಲಿ ಇವತ್ತೂ ಹಸಿರು ಬಣ್ಣ ಮಾಸಿದ ಕಿರ್ಲೋಸ್ಕರ್ ಲೇತುಗಳು ತಿರುಗುತ್ತಿವೆ. ಕಾರ್ಖಾನೆ ಮಾತ್ರ ಈಗ ಇಲ್ಲ. ಅದೂ ಮುಚ್ಚಿ, ಲಿಕ್ವಿಡೇಶನ್ನಿಗೆ ಹೋಗಿ, ಹರಾಜಿನ ಪಟ್ಟಿಯಾಯಿತು.

ಈಗ 1996ರ ನಂತರದ ಒಂದು ಯೆಜ್ಡಿಯನ್ನು ಯೋಚಿಸಿ. ಕಾರ್ಖಾನೆ ನಿಂತ ಮೇಲೆ ಕಂಪನಿಯ ಬಿಡಿಭಾಗ ಬರುವುದು ಕ್ರಮೇಣ ನಿಂತಿತು. ಎರಡು ಸ್ಟ್ರೋಕಿನ ಎಂಜಿನ್ನು ಸವೆಯದೆ ಇರುವುದಿಲ್ಲ. ಸಿಲಿಂಡರು ಸವೆದಾಗ ಬೋರು ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ನು ಹಾಕಬೇಕು; ಬೋರು ಮಾಡಲು ಲೋಹ ಉಳಿಯದಾದಾಗ ಹೊಸ ಸ್ಲೀವು ಹೊಡೆಸಬೇಕು. ಬುಷ್ಷು ಸಡಿಲವಾದರೆ ಗನ್‌ಮೆಟಲ್ ತುಂಡಿನಿಂದ ಕಡೆಯಿಸಬೇಕು. ಕಿಕ್ಕರಿನ ಷಾಫ್ಟು ಜಾರಿದರೆ ಬೆಸುಗೆ ಹಾಕಿ ಮತ್ತೆ ಹಲ್ಲು ಕೊರೆಯಿಸಬೇಕು. ಇವೆಲ್ಲವನ್ನೂ ಮಾಡಿದ್ದು ಊರೂರಿನ ಲೇತ್ ಅಂಗಡಿಗಳು. ಮೈಸೂರಿನಲ್ಲಿ ಹುಟ್ಟಿದ ಬೈಕು ಹರಿಹರದಲ್ಲಿ ಹುಟ್ಟಿದ ಲೇತಿನ ಮೇಲೆ ಮರುಹುಟ್ಟು ಪಡೆದದ್ದು ಎಷ್ಟು ಸಲವೋ. ಎರಡೂ ಕಾರ್ಖಾನೆಗಳು ಮುಚ್ಚಿದವು. ಬೈಕೂ ಲೇತೂ ಒಂದನ್ನೊಂದು ಬದುಕಿಸಿಕೊಂಡು ಉಳಿದವು.

ಇಂಥ ಬೈಕು ಹರಾಜಿಗೆ ಬಂದಾಗ ಮಾರುಕಟ್ಟೆ ಏನು ಹೇಳುತ್ತದೆ? ಸಿಲಿಂಡರು ಮೂಲದ್ದಲ್ಲ, ಕಡಿತ. ಬುಷ್ಷು ಕಂಪನಿಯದಲ್ಲ, ಕಡಿತ. ಮೂರು ಸಲ ಬಣ್ಣ ಹೊಡೆದಿದೆ, ಕಡಿತ. ಅದೇ ಒಂದು ಬೈಕನ್ನು ಯಾರೋ ಕೊಂಡು, ಓಡಿಸದೆ, ಗೋಣಿಚೀಲ ಹೊದಿಸಿ ನಲವತ್ತು ವರ್ಷ ಕೋಣೆಯಲ್ಲಿಟ್ಟಿದ್ದರೆ ಅದಕ್ಕೆ ಮೇಲಿನ ಬೆಲೆ. ಹೀಗೆ ಹರಾಜು, ಬೈಕನ್ನು ಬಳಸದವರಿಗೆ ಬಹುಮಾನ ಕೊಟ್ಟು, ಬಳಸಿ ಉಳಿಸಿದವರ ಕೆಲಸವನ್ನು ದೋಷದ ಪಟ್ಟಿಗೆ ಸೇರಿಸುತ್ತದೆ. ಕೊಂಡವರು ಮುಂದೆ ಮಾಡುವುದೂ ಅದನ್ನೇ. ‘ರೆಸ್ಟೊರೇಶನ್’ ಎಂದು ಲೇತ್ ಅಂಗಡಿಯ ಬುಷ್ಷು ಕಿತ್ತು ಬಿಸಾಡಿ, ಎಲ್ಲಿಂದಲೋ ‘ಒರಿಜಿನಲ್’ ತರಿಸಿ ಕೂರಿಸುತ್ತಾರೆ. ಮೂಲಕ್ಕೆ ಮರಳಿದ ಸಂತೋಷದಲ್ಲಿ, ಮೂವತ್ತು ವರ್ಷಗಳ ಇತಿಹಾಸವನ್ನು ಗುಜರಿಗೆ ಹಾಕಿರುತ್ತಾರೆ.

ಇದಕ್ಕೆ ಉತ್ತರ ನಮ್ಮ ಇನ್ನೊಂದು ವಿದ್ಯೆಯಲ್ಲಿದೆ, ಜಾನಪದದಲ್ಲಿ. ಮಂಟೇಸ್ವಾಮಿ ಕಾವ್ಯಕ್ಕೆ, ಮಲೆಮಾದೇಶ್ವರನ ಕಾವ್ಯಕ್ಕೆ ಒಂದು ಮೂಲಪಾಠವನ್ನು ಹುಡುಕಿದವರು ಬರಿಗೈಯಲ್ಲಿ ವಾಪಸಾಗುತ್ತಾರೆ. ನೀಲಗಾರರು ಹಾಡಿದಷ್ಟು ಪಾಠ, ಕಂಸಾಳೆಯವರು ಹಾಡಿದಷ್ಟು ಪಾಠ. ಅಲ್ಲಿ ಹಾಡುಗಾರರು ಪಠ್ಯ ಕೆಡಿಸಿದವರಲ್ಲ, ಅವರಿಲ್ಲದೆ ಪಠ್ಯವೇ ಇಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಯೆಜ್ಡಿ ಶಿಷ್ಟಕಾವ್ಯದಂತೆ ಇತ್ತು ಎನ್ನೋಣ. ಕರ್ತೃ ಒಬ್ಬ, ಪ್ರತಿ ಒಂದು. ಹಾಲಿನ ಕ್ಯಾನು, ಮೇವಿನ ಹೊರೆ, ಮೂವರು ಸವಾರರನ್ನು ಹೊತ್ತು, ಹತ್ತು ಮೆಕ್ಯಾನಿಕರ ಕೈ ದಾಟಿದ ಮೇಲೆ ಅದು ಜನಪದ ಕಾವ್ಯ. ಅದನ್ನು ಶಿಷ್ಟಕಾವ್ಯದ ಅಳತೆಗೋಲಿನಿಂದ ಅಳೆಯುವುದು ವಿಮರ್ಶೆಯ ತಪ್ಪು. ಹರಾಜಿನ ಬೆಲೆಪಟ್ಟಿ ಮಾಡುತ್ತಿರುವುದು ಆ ತಪ್ಪನ್ನೇ.

ಹಾಗಾದರೆ ಸುಳ್ಳು ನಂಬರಿನ ಬೈಕೂ ಜಾನಪದವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಹಾಡುಗಾರರು ತಮ್ಮ ಗುರುಪರಂಪರೆ ಹೇಳಿಕೊಂಡೇ ಹಾಡುತ್ತಾರೆ. ಯಾರಿಂದ ಕಲಿತದ್ದು ಎಂದು ಮುಚ್ಚಿಡುವುದಿಲ್ಲ. ಬದಲಾಯಿಸಿದ್ದನ್ನು ಬದಲಾಯಿಸಿದ್ದು ಎಂದು ಹೇಳುವುದು ಪರಂಪರೆ; ಮುಚ್ಚಿಟ್ಟು ಮೂಲ ಎನ್ನುವುದು ವಂಚನೆ. ಈ ಗೆರೆ ಎಳೆಯಲು ಬೇಕಾದದ್ದು ಪುಟದ ಕೆಳಗಿನ ಪಾಠಾಂತರದಂಥ ಒಂದು ಬರವಣಿಗೆ. ನನ್ನ ಕಲ್ಪನೆಯ ಪ್ರಾಮಾಣಿಕ ಕ್ಯಾಟಲಾಗು ಹೀಗಿರಬೇಕು: ಚಾಸಿ ಮೈಸೂರಿನದು. ಸಿಲಿಂಡರಿಗೆ ಎರಡು ಸಲ ಬೋರು, ಒಂದು ಸಲ ಸ್ಲೀವು, ಇಂಥ ಊರಿನಲ್ಲಿ. ಕಿಕ್ಕರಿನ ಷಾಫ್ಟು ಲೇತಿನಲ್ಲಿ ಮಾಡಿದ್ದು, ಮಾಡಿದವರ ಹೆಸರು ಇಂಥದು. ಸೀಟು ಬೇರೆ ಬೈಕಿನದು. ಹಿಂದಿನ ಕ್ಯಾರಿಯರ್ ಹಾಲಿನ ಕ್ಯಾನಿಗಾಗಿ ಬೆಸೆದದ್ದು, ತೆಗೆದಿಲ್ಲ. ಇಂಥ ವಿವರಣೆ ಬರೆಯಲು ದೊಡ್ಡ ಸಂಸ್ಥೆ ಬೇಡ. ಬೈಕು ಮಾರುವವರು ತಮ್ಮ ಮೆಕ್ಯಾನಿಕರ ಎದುರು ಅರ್ಧ ಗಂಟೆ ಕೂತರೆ ಸಾಕು. ಅದು ಸಿಕ್ಕಿದ ದಿನ ಕೊಳ್ಳುವವರಿಗೂ ಗೊತ್ತಾಗುತ್ತದೆ, ತಾವು ಕೊಡುತ್ತಿರುವ ಬೆಲೆಯಲ್ಲಿ ಯಾವ ಪಾಲು ಉಕ್ಕಿಗೆ, ಯಾವ ಪಾಲು ಕೈಕೆಲಸಕ್ಕೆ ಎಂದು.

ಮಾರಾಟಕ್ಕೆ ನಿಂತವರ ಪೂರ್ವಕತೆ ಗೊತ್ತಿದ್ದರೆ ಕೂಗಿನ ಅರ್ಥವೇ ಬೇರೆಯಾಗುತ್ತದೆ ಎಂಬುದನ್ನು ಕನ್ನಡಕ್ಕೆ ತೋರಿಸಿಕೊಟ್ಟವನು ರಾಘವಾಂಕ. ಕಾಶಿಯ ಬೀದಿಯಲ್ಲಿ ಹರಿಶ್ಚಂದ್ರ ಹೆಂಡತಿ ಮಗನನ್ನು ಮಾರುವಾಗ, ಕೊಳ್ಳುವವರಿಗೆ ಅವರು ಯಾರೋ ಆಳುಗಳು. ಓದುವ ನಮಗೆ ಮಾತ್ರ ಅವರು ಯಾರೆಂದು ಗೊತ್ತು. ಆ ತಿಳಿವಳಿಕೆಯಲ್ಲೇ ಆ ಭಾಗದ ಸಂಕಟ ಇರುವುದು. ಬೈಕನ್ನು ಮನುಷ್ಯರಿಗೆ ಹೋಲಿಸುವುದು ಅತಿಯಾದೀತು. ಆದರೆ ಹರಾಜಿನಲ್ಲಿ ಬೈಕಿನ ಜೊತೆ ಮನುಷ್ಯರ ಕೆಲಸವೂ ಮಾರಾಟವಾಗುತ್ತದೆ. ಆ ಕೆಲಸ ಯಾರದು ಎಂದು ಗೊತ್ತಿಲ್ಲದೆ ಕೊಳ್ಳುವುದು ಕಾಶಿಯ ಗಿರಾಕಿಯ ಹಾಗೆ ಕೊಳ್ಳುವುದು.

1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಂ ಹರಾಜಿನ ಬಗ್ಗೆ ಇದೆ. ಸುತ್ತಿಗೆ ಬಿದ್ದಾಗ, ಇಲ್ಲವೇ ವಾಡಿಕೆಯ ಬೇರೆ ರೀತಿಯಲ್ಲಿ ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ತಿಯಾಗುತ್ತದೆ. ಅಲ್ಲಿಯವರೆಗೆ ಕೂಗಿದವರು ತಮ್ಮ ಕೂಗನ್ನು ಹಿಂದಕ್ಕೆ ಪಡೆಯಬಹುದು ಎನ್ನುತ್ತದೆ ಅದು. ನಮ್ಮ ವಾಡಿಕೆ ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಮೂರನೆಯ ಸಾರಿಗೆ ಮೊದಲು ಯೋಚಿಸಲು ಹೊತ್ತಿದೆ. ಮತ್ತು ನಮ್ಮ ಕಡೆ ಹರಾಜಿನ ಕೂಗಿಗೆ ಸವಾಲು ಎನ್ನುತ್ತಾರೆ. ಹರಾಜಿನ ಹಾಗೆ ಸವಾಲೂ ಅರಬ್ಬಿಯಿಂದ ಬಂದ ಪದ, ಅರ್ಥ ಪ್ರಶ್ನೆ. ಯೆಜ್ಡಿಯ ಮುಂದೆ ನಿಂತು ಸವಾಲು ಹಾಕುವವರು ಹಣದ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಲಿ: ಇದನ್ನು ಇಲ್ಲಿಯವರೆಗೆ ಓಡಿಸಿದವರ ಹೆಸರು ಬೇಡ, ರಿಪೇರಿ ಮಾಡಿದವರ ಹೆಸರು ಹೇಳಿ.